ನಮ್ಮ ಕೈ, ಅವರ ಅಂಕ

ಹೋದ ತಿಂಗಳು ಹಾಸ್ಟೆಲಿನಲ್ಲಿ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಎರಡನೇ ಪಿಯುಸಿಯ ಹುಡುಗನೊಬ್ಬ ನಮ್ಮನ್ನು ಒಂದು ಪ್ರಶ್ನೆ ಕೇಳಿದ. ಅವನಿಗೆ ಹಲ್ಲಿನ ಡಾಕ್ಟರಾಗಬೇಕೆಂಬ ಆಸೆ. "ಇಲ್ಲಿ ನೀಟ್ ನಂಬರೊಂದೇ ಅಣ್ಣ. ಇಂಗ್ಲೆಂಡು ಅಮೆರಿಕಾದಲ್ಲಿ ಹಂಗಲ್ಲವಂತೆ. ಕರೆದು ಕೂರಿಸಿ ಮಾತಾಡಿಸ್ತಾರಂತೆ, ಮನುಷ್ಯನ್ನ ನೋಡಿ ಸೀಟು ಕೊಡ್ತಾರಂತೆ. ಅಲ್ಲಿ ಜಾತೀನೂ ಇಲ್ಲ. ಅಲ್ಲಾದ್ರೆ ನಮ್ಮಂಥೋರಿಗೆ ನ್ಯಾಯ ಸಿಗ್ತಿತ್ತೇನೋ ಅಲ್ವಾ?" ಅಂದ.

ನಮ್ಮ ಹತ್ತಿರ ಆವತ್ತು ಉತ್ತರ ಇರಲಿಲ್ಲ. ಇಲ್ಲ ಅಂದರೆ ಅವನ ಆಸೆಗೆ ತಣ್ಣೀರೆರಚಿದ ಹಾಗೆ, ಹೌದು ಅಂದರೆ ಸುಳ್ಳು ಹೇಳಿದ ಹಾಗೆ. ಓದಿ, ವಿಚಾರಿಸಿ, ನಮ್ಮ ನಮ್ಮಲ್ಲೇ ಜಗಳ ಆಡಿ, ಈಗ ಬರೆಯುತ್ತಿದ್ದೇವೆ.

ಮೊದಲು ಅಲ್ಲಿ ಏನು ನಡೆಯುತ್ತದೆ ಅನ್ನೋದನ್ನ ತಿಳಿಯೋಣ. ಇಂಗ್ಲೆಂಡಿನ ದಂತ ವೈದ್ಯ ಶಾಲೆಗಳಿಗೆ ಅರ್ಜಿ ಹಾಕುವವರು ಸಾವಿರಾರು, ಒಂದೊಂದು ಶಾಲೆಯಲ್ಲಿ ಸೀಟು ಕೆಲವೇ ಡಜನ್. ಎಲ್ಲರನ್ನೂ ಕರೆದು ಮಾತಾಡಿಸುವುದಕ್ಕೆ ಆಗುವುದಿಲ್ಲ. ಆದ್ದರಿಂದ ಸಂದರ್ಶನಕ್ಕೆ ಮೊದಲೇ ಒಂದು ಜರಡಿ ಇರುತ್ತದೆ. ಹುಡುಗ ಅಕ್ಟೋಬರ್ ಮಧ್ಯದ ಒಳಗೆ ಅರ್ಜಿ ಹಾಕಬೇಕು, ಹೆಚ್ಚೆಂದರೆ ನಾಲ್ಕು ದಂತ ಶಾಲೆಗೆ. ಅದಕ್ಕೂ ಮುಂಚೆ ಯುಕ್ಯಾಟ್ ಎಂಬ ಕಂಪ್ಯೂಟರ್ ಪರೀಕ್ಷೆ. ವರ್ಷಕ್ಕೆ ಒಂದೇ ಸಲ ಬರೆಯಬಹುದು. ಅದರಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಕೇಳುವುದಿಲ್ಲ. ಭಾಷೆ, ತೀರ್ಮಾನ, ಲೆಕ್ಕ ಇವುಗಳಲ್ಲಿ ಬುದ್ಧಿ ಎಷ್ಟು ಬೇಗ ಓಡುತ್ತದೆ ಅಂತ ನೋಡುತ್ತಾರೆ. 2025ರಿಂದ ಈ ಮೂರು ಭಾಗಕ್ಕೆ ತಲಾ 300ರಿಂದ 900, ಒಟ್ಟು 2700ರವರೆಗೆ ಅಂಕ. ಇದರ ಜೊತೆಗೆ ನಡತೆ-ವಿವೇಕ ಅಳೆಯುವ ಇನ್ನೊಂದು ಭಾಗ, ಅದಕ್ಕೆ ಅಂಕ ಇಲ್ಲ, ಒಂದರಿಂದ ನಾಲ್ಕರವರೆಗೆ ದರ್ಜೆ.

ಈ ಅಂಕವನ್ನು ಎಲ್ಲ ಶಾಲೆಗಳೂ ಒಂದೇ ರೀತಿ ಬಳಸಲ್ಲ. ಒಂದು ಶಾಲೆ ಯುಕ್ಯಾಟ್ ಅಂಕದ ಪ್ರಕಾರವೇ ಸಾಲು ನಿಲ್ಲಿಸಿ ಮೇಲಿಂದ ಇಷ್ಟು ಜನ ಬನ್ನಿ ಅನ್ನುತ್ತದೆ. ಇನ್ನೊಂದು ಶಾಲೆ ಹದಿನಾರನೇ ವಯಸ್ಸಿನಲ್ಲಿ ಬರೆದ ಶಾಲಾ ಪರೀಕ್ಷೆಯ ದರ್ಜೆಗಳಿಗೂ ಅಂಕ ಹಾಕಿ ಎರಡನ್ನೂ ಕೂಡುತ್ತದೆ. ಮತ್ತೊಂದು ಶಾಲೆ, ಹುಡುಗ ಬಡವರ ಬೀದಿಯಿಂದ ಬಂದವನೋ, ಶಾಲೆಯಲ್ಲಿ ಬಿಟ್ಟಿ ಊಟ ಉಂಡವನೋ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೇ ಇಲ್ಲವೋ ಅಂತ ನೋಡಿ ಸ್ವಲ್ಪ ಎತ್ತಿ ಹಿಡಿಯುತ್ತದೆ. ಅದೇ ಹುಡುಗ, ಅದೇ ಅಂಕ. ಒಂದು ಊರಿನಲ್ಲಿ ಸಂದರ್ಶನಕ್ಕೆ ಕರೆ, ಇನ್ನೊಂದು ಊರಿನಲ್ಲಿ ಕ್ಷಮಿಸಿ ಅನ್ನುವ ಕಾಗದ. ಅಂದಮೇಲೆ ಆ ಹುಡುಗನ ಅರ್ಹತೆ ಎಷ್ಟು? ಯಾವ ಊರಿನ ಲೆಕ್ಕ ಸರಿ? ಈ ಪ್ರಶ್ನೆಯನ್ನು ಇಲ್ಲಿ ನಮ್ಮ ಮುಖಕ್ಕೆ ಮೆರಿಟ್ ಮೆರಿಟ್ ಅಂತ ಎಸೆಯುವವರು ಒಂದು ಸಲವಾದರೂ ಕೇಳಿಕೊಂಡಿದ್ದಾರಾ?

ಸಂದರ್ಶನವೂ ಈಗ ಬೇರೆ ರೀತಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಈ ಶತಮಾನದ ಆರಂಭದಲ್ಲಿ ಒಂದು ಪದ್ಧತಿ ತಂದರು. ಒಂದೇ ಕೋಣೆಯಲ್ಲಿ ಮೂರು ಮಂದಿ ಹಿರಿಯರ ಎದುರು ಅರ್ಧ ಗಂಟೆ ಕೂರಿಸುವ ಬದಲು, ಸಾಲಾಗಿ ಹಲವು ಕಟ್ಟೆ. ಒಂದೊಂದು ಕಟ್ಟೆಯಲ್ಲಿ ಕೆಲವೇ ನಿಮಿಷ, ಒಂದೊಂದು ಕಟ್ಟೆಯಲ್ಲಿ ಬೇರೆ ಪರೀಕ್ಷಕ, ಬೇರೆ ಪ್ರಶ್ನೆ. ಗಂಟೆ ಹೊಡೆದರೆ ಮುಂದಿನ ಕಟ್ಟೆಗೆ ಹೋಗಬೇಕು. ಒಬ್ಬನಿಗೆ ನಿಮ್ಮ ಮುಖ ಹಿಡಿಸದಿದ್ದರೂ ಮುಂದಿನವನು ಬೇರೆ. ಇದು ಒಳ್ಳೆಯ ಯೋಚನೆ ಅಂತಲೇ ನಮಗೆ ಅನ್ನಿಸಿತು. ಒಬ್ಬನ ಪೂರ್ವಗ್ರಹಕ್ಕೆ ಇಡೀ ಬದುಕು ಬಲಿಯಾಗುವುದು ತಪ್ಪುತ್ತದೆ. ಎಲ್ಲಾ ಕಟ್ಟೆಗಳಲ್ಲೂ ಒಂದೇ ಜಾತಿಯವರು ಕೂತಿದ್ದರೆ? ಆಗ ಎಷ್ಟು ಕಟ್ಟೆ ಇದ್ದರೇನು.

ಈಗ ಹಲ್ಲಿನ ಓದಿಗೇ ಅಂಟಿಕೊಂಡಿರುವ ಒಂದು ವಿಷಯಕ್ಕೆ ಬರುತ್ತೇವೆ. ಹಲ್ಲಿನ ಡಾಕ್ಟರಿಗೆ ತಲೆ ಎಷ್ಟು ಮುಖ್ಯವೋ ಕೈಯೂ ಅಷ್ಟೇ ಮುಖ್ಯ. ಬಾಯಿ ಅನ್ನೋ ಸಣ್ಣ ಗವಿಯಲ್ಲಿ, ಕನ್ನಡಿಯಲ್ಲಿ ತಿರುಗುಮುರುಗು ನೋಡಿಕೊಂಡು, ಕೂದಲೆಳೆಯಷ್ಟು ಕೆತ್ತಬೇಕು. ಅದಕ್ಕೇ ಅಮೆರಿಕಾದ ದಂತ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಸೀಮೆಸುಣ್ಣದ ತುಂಡು ಕೊಟ್ಟು ಇಂಥ ಆಕಾರ ಕೆತ್ತು ಅನ್ನುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದನ್ನು ತೆಗೆದು, ಆಕಾರಗಳನ್ನು ಕಾಗದದ ಮೇಲೆ ನೋಡಿ ಗುರುತಿಸುವ ಪರೀಕ್ಷೆ ತಂದರು. ಇಂಗ್ಲೆಂಡಿನ ಸಂದರ್ಶನಗಳಲ್ಲಿ ಈಗಲೂ ಕೇಳುವ ಪ್ರಶ್ನೆ: ನಿನ್ನ ಕೈಚಳಕಕ್ಕೆ ಏನು ಸಾಕ್ಷಿ? ಹುಡುಗ ಹುಡುಗಿಯರು ಹೇಳುತ್ತಾರೆ: ಪಿಟೀಲು ನುಡಿಸುತ್ತೇನೆ, ಕಸೂತಿ ಹಾಕುತ್ತೇನೆ, ಆಟದ ವಿಮಾನದ ಮಾದರಿ ಕಟ್ಟುತ್ತೇನೆ, ಕೇಕಿನ ಮೇಲೆ ಸಕ್ಕರೆ ಹೂವು ಬಿಡಿಸುತ್ತೇನೆ.

ಗೆಳೆಯರೇ, ಇದನ್ನು ಓದಿದಾಗ ನಾವು ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ಆ ಪ್ರಶ್ನೆ ಕೇಳಿದ ಹುಡುಗನ ಅಪ್ಪ ಚಪ್ಪಲಿ ಹೊಲಿಯುವವರು. ಅವನೂ ರಜೆಯಲ್ಲಿ ಉಳಿ ಹಿಡಿದು ಕೂರುತ್ತಾನೆ. ದಾರಕ್ಕೆ ಮೇಣ ತಿಕ್ಕಿ, ತೂತು ಬೀಳಿಸಿ, ಎರಡೂ ಕಡೆಯಿಂದ ಸೂಜಿ ಎಳೆದು, ಅಂಗುಲಕ್ಕೆ ಇಷ್ಟೇ ಹೊಲಿಗೆ ಬರುವಂತೆ ಹಾಕುತ್ತಾನೆ. ಅದು ಕೈಚಳಕ ಅಲ್ಲವಾ? ನಮ್ಮ ತಾಯಂದಿರು ಬಿದಿರು ಸೀಳಿ ಮೊರ ಹೆಣೆಯುತ್ತಾರಲ್ಲ, ಕೂದಲಿನಂಥ ಸೀಳು ಕಣ್ಣು ಮುಚ್ಚಿ ತೆಗೀತಾರಲ್ಲ, ಅದು? ತಮಟೆ ಬಿಗಿಯುವಾಗ ಚರ್ಮ ಹರಿಯದಂತೆ, ನಾದ ಕೆಡದಂತೆ ಎಳೆಯುವ ಬೆರಳು? ಕೈಚಳಕ ಅನ್ನೋದು ಅಂಕ ಆಗುವುದಾದರೆ ಈ ದೇಶದ ಹಲ್ಲಿನ ಕಾಲೇಜುಗಳ ಮೊದಲ ಬೆಂಚು ನಮ್ಮದಾಗಬೇಕಿತ್ತು!

ಆದರೆ ಕಷ್ಟ ಎಲ್ಲಿದೆ ಗೊತ್ತಾ? ಪಿಟೀಲು ನುಡಿಸುತ್ತೇನೆ ಅಂತ ಅರ್ಜಿಯಲ್ಲಿ ಬರೆಯುವ ಹುಡುಗಿಗೆ ನಾಚಿಕೆ ಇಲ್ಲ. ಚಪ್ಪಲಿ ಹೊಲಿಯುತ್ತೇನೆ ಅಂತ ಬರೆಯಲು ನಮ್ಮ ಹುಡುಗನ ಪೆನ್ನು ನಡುಗುತ್ತದೆ. ಯಾಕಂದ್ರೆ ಆ ಒಂದು ಸಾಲು ಅವನ ಕೈ ಹೇಳುವುದಕ್ಕಿಂತ ಮೊದಲು ಅವನ ಕೇರಿ ಹೇಳುತ್ತದೆ. ಕೌಶಲ ಅದೇ, ಅಂಕ ಬರೆಯುವವನಿಗೆ ಒಂದು ಕಲೆ, ಇನ್ನೊಂದು ಕುಲ.

ಕೆಲಸದ ಅನುಭವದ ಕಥೆಯೂ ಹೀಗೇ. ದಂತ ಚಿಕಿತ್ಸಾಲಯದಲ್ಲಿ ಒಂದಷ್ಟು ದಿನ ನಿಂತು ನೋಡಿದ್ದೀಯಾ ಅಂತ ಕೇಳುವುದು ಬಹಳ ಕಾಲದಿಂದ ಬಂದಿದೆ. ಚಿಕ್ಕಪ್ಪನದೇ ಕ್ಲಿನಿಕ್ ಇದ್ದವನಿಗೆ ಅದು ಒಂದು ಫೋನ್ ಕರೆ. ಕಲ್ಲಿದ್ದಲು ಗಣಿ ಮುಚ್ಚಿದ ಊರಿನ ಕೂಲಿಯವನ ಮಗಳಿಗೆ? ಇದು ಅಲ್ಲಿಯವರಿಗೂ ಅರ್ಥವಾಗಿ ಎಷ್ಟೋ ಶಾಲೆಗಳು ಈ ಷರತ್ತನ್ನು ಸಡಿಲ ಮಾಡಿವೆ.

ಈಗ ಹುಡುಗನ ಪ್ರಶ್ನೆಯ ಎರಡನೇ ಭಾಗ. ಅಲ್ಲಿ ಜಾತಿ ಇಲ್ಲ ಅಂದನಲ್ಲ.

ಅಮೆರಿಕಾದ ಅಟ್ಲಾಂಟಾ ನಗರದಲ್ಲಿ ಎಮೊರಿ ವಿಶ್ವವಿದ್ಯಾಲಯ ಇದೆ. 1959ರಲ್ಲಿ ಮರಿಯನ್ ಹುಡ್ ಎಂಬ ಕಪ್ಪು ಜನಾಂಗದ ಯುವಕ ಅದರ ವೈದ್ಯಕೀಯ ಶಾಲೆಗೆ ಅರ್ಜಿ ಹಾಕಿದ. ನೀಗ್ರೋ ಜನಾಂಗದವರ ಅರ್ಜಿ ಪರಿಶೀಲಿಸಲು ನಮಗೆ ಅಧಿಕಾರವಿಲ್ಲ ಅಂತ ಉತ್ತರ ಬಂತು. ಐದು ಡಾಲರ್ ಅರ್ಜಿ ಶುಲ್ಕವನ್ನೂ ವಾಪಸ್ ಕಳಿಸಿದ್ದರು. ಎಂಥ ಪ್ರಾಮಾಣಿಕತೆ ನೋಡಿ! ಅಂಕ ಹಾಕುವ ಗೋಜೇ ಇಲ್ಲ, ಬಾಗಿಲೇ ಮುಚ್ಚಿತ್ತು. ಹುಡ್ ಬೇರೆ ಕಡೆ ಓದಿ ವೈದ್ಯರಾದರು. ಎಮೊರಿ ಅವರ ಕ್ಷಮೆ ಕೇಳಿದ್ದು 2021ರಲ್ಲಿ.

ಅದೇ ವಿಶ್ವವಿದ್ಯಾಲಯದ ದಂತ ಶಾಲೆಗೆ ಯಹೂದಿ ಹುಡುಗರು ಬರುತ್ತಿದ್ದರು. ಅವರಿಗೆ ಬಾಗಿಲು ಮುಚ್ಚಿರಲಿಲ್ಲ. ಆದರೆ ಒಳಗೆ ಹೋದ ಮೇಲೆ ನಡೆದದ್ದು ಕೇಳಿ. 1948ರಿಂದ 1958ರವರೆಗೆ ಸೇರಿದ ಯಹೂದಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 65 ಮಂದಿಯನ್ನು ಫೇಲು ಮಾಡಿದರು, ಇಲ್ಲವೇ ವರ್ಷ ಮತ್ತೆ ಓದಿಸಿದರು. ನಿಮ್ಮವರಿಗೆ ಈ ಕೆಲಸಕ್ಕೆ ಬೇಕಾದ ಕೈ ಇಲ್ಲ ಅಂತ ಡೀನ್ ಹೇಳುತ್ತಿದ್ದುದನ್ನು ಆಗಿನ ವಿದ್ಯಾರ್ಥಿಗಳು ನೆನಪಿಸಿಕೊಂಡಿದ್ದಾರೆ. ಕೈ ಇಲ್ಲವಂತೆ! ಆಮೇಲೆ ಅರ್ಜಿ ನಮೂನೆಯಲ್ಲೇ ಒಂದು ಅಂಕಣ ಬಂತು: ಬಿಳಿಯ, ಯಹೂದಿ, ಇತರೆ, ಇದರಲ್ಲಿ ಯಾವುದು ಅಂತ ಗುರುತು ಹಾಕಿ. ಆ ಕಾಗದ ಹೊರಗೆ ಬಂದದ್ದರಿಂದ 1961ರಲ್ಲಿ ಡೀನ್ ಜಾನ್ ಬ್ಯೂಲರ್ ಹೋಗಬೇಕಾಯಿತು. ಆಗ ಫೇಲಾದವರಲ್ಲಿ ಪೆರ್ರಿ ಬ್ರಿಕ್‌ಮನ್ ಒಬ್ಬರು. ಅವರು ಬೇರೆ ಶಾಲೆಗೆ ಸೇರಿ ಬಾಯಿಯ ಶಸ್ತ್ರಚಿಕಿತ್ಸಕರಾದರು. ಕೈ ಇಲ್ಲದವರು ಅನ್ನಿಸಿಕೊಂಡವರು ಜೀವನವಿಡೀ ಅದೇ ಕೈಯಲ್ಲಿ ಕತ್ತಿ ಹಿಡಿದರು! ಮುದುಕರಾದ ಮೇಲೆ ಆ ಹಳೆಯ ಗೆಳೆಯರನ್ನೆಲ್ಲ ಹುಡುಕಿ, ಮಾತಾಡಿಸಿ, ದಾಖಲೆ ಕೂಡಿಸಿದರು. 2012ರಲ್ಲಿ ವಿಶ್ವವಿದ್ಯಾಲಯ ಅವರೆಲ್ಲರನ್ನು ಕರೆದು ಕ್ಷಮೆ ಕೇಳಿತು. ಅಲ್ಲಿಯತನಕ ಎಷ್ಟೋ ಮಂದಿ, ತಾವೇ ದಡ್ಡರಿರಬೇಕು ಅಂದುಕೊಂಡು, ಹೆಂಡತಿ ಮಕ್ಕಳಿಗೂ ಹೇಳದೆ ಬದುಕಿದ್ದರು. ಈ ಮಾತನ್ನು ಮತ್ತೆ ಓದಿ. ನಮ್ಮ ಹಾಸ್ಟೆಲುಗಳಲ್ಲಿ ಫೇಲಾಗಿ ಗಂಟುಮೂಟೆ ಕಟ್ಟಿ ರಾತ್ರಿ ಬಸ್ಸಿಗೆ ಊರಿಗೆ ಹೋದವರ ಮುಖ ನಮಗೆ ನೆನಪಾಯಿತು.

ಲಂಡನ್ನಿನದು ಇನ್ನೊಂದು ಥರ. ಅಲ್ಲಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಸಂದರ್ಶನಕ್ಕೆ ಮುಂಚೆಯೇ ಬೀಳುತ್ತಿದ್ದವು. ಅರ್ಜಿ ಓದುವುದು ಬೇಸರದ ಕೆಲಸ, ಒಬ್ಬೊಬ್ಬರು ಒಂದೊಂದು ಥರ ಅಂಕ ಹಾಕುತ್ತಾರೆ, ಯಂತ್ರಕ್ಕಾದರೆ ಪಕ್ಷಪಾತ ಇಲ್ಲ ಅಂತ ಯೋಚಿಸಿ ಜೆಫ್ರಿ ಫ್ರಾಂಗ್ಲೆನ್ ಎಂಬ ಅಧ್ಯಾಪಕರು ಒಂದು ಕಂಪ್ಯೂಟರ್ ಕ್ರಮವಿಧಿ ಬರೆದರು. 1979ರ ಹೊತ್ತಿಗೆ ಅದು ಸಿದ್ಧವಾಯಿತು. ಮನುಷ್ಯರು ಹಾಕಿದ ಅಂಕಕ್ಕೂ ಯಂತ್ರದ ಅಂಕಕ್ಕೂ ಹೋಲಿಸಿ ನೋಡಿದರು. ನೂರಕ್ಕೆ 90ರಿಂದ 95 ತಾಳೆಯಾಯಿತು. ಸಂತೋಷಪಟ್ಟು 1982ರಿಂದ ಮೊದಲ ಜರಡಿಯ ಕೆಲಸ ಪೂರ್ತಿ ಯಂತ್ರಕ್ಕೇ ಬಿಟ್ಟರು.

ತಾಳೆಯಾಗದೆ ಏನು ಮಾಡೀತು? ಹಳೆಯ ಆಯ್ಕೆಗಳನ್ನು ಅನುಸರಿಸಿ ಕಟ್ಟಿದ ಯಂತ್ರ, ಅಪ್ಪನ ನಡಿಗೆ ಕಲಿತ ಮಗನ ಹಾಗೆ. ಅದು ಅರ್ಜಿಯಲ್ಲಿದ್ದ ಹೆಸರು ಮತ್ತು ಹುಟ್ಟಿದ ಊರು ನೋಡಿ ಇವನು ಬಿಳಿಯನೋ ಅಲ್ಲವೋ ಅಂತ ತೀರ್ಮಾನಿಸುತ್ತಿತ್ತು. ಯೂರೋಪಿನ ಹೆಸರಲ್ಲದಿದ್ದರೆ 15 ಅಂಕದವರೆಗೂ ಕಡಿತ. ಹೆಣ್ಣಾದರೆ ಸರಾಸರಿ 3 ಅಂಕ ಕಡಿತ. ಯಾರೂ ಬೈಯಲಿಲ್ಲ, ಯಾರೂ ಮುಖ ಸಿಂಡರಿಸಲಿಲ್ಲ. ಹೆಸರು ನೋಡಿ ಸೋಸುವುದು! ಗೆಳೆಯರೇ, ಹೆಸರು ಕೇಳಿ, ಆಮೇಲೆ ಅಪ್ಪನ ಹೆಸರು ಕೇಳಿ, ಆಮೇಲೆ ಊರು ಕೇಳಿ, ಊರಲ್ಲಿ ಯಾವ ಬೀದಿ ಅಂತ ಕೇಳುವವರನ್ನು ದಿನಾ ನೋಡುವ ನಮಗೆ ಆ ಯಂತ್ರ ಏನು ಮಾಡಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಶಾಲೆಯ ಇಬ್ಬರು ಅಧ್ಯಾಪಕರು, ಜೋ ಕಾಲಿಯರ್ ಮತ್ತು ಕಪ್ಪು ಜನಾಂಗದ ಮನೋವೈದ್ಯ ಆಗ್ರಿ ಬರ್ಕ್, 1986ರಲ್ಲಿ ಅಲ್ಲಿನ ಜನಾಂಗ ಸಮಾನತಾ ಆಯೋಗಕ್ಕೆ ದೂರು ಕೊಟ್ಟರು. 1988ರಲ್ಲಿ ಆಯೋಗದ ವರದಿ ಬಂತು: ಶಾಲೆ ತಾರತಮ್ಯ ಮಾಡಿದೆ, ವರ್ಷಕ್ಕೆ ಸುಮಾರು 60 ಮಂದಿ ಹೆಸರು ಅಥವಾ ಲಿಂಗದ ಕಾರಣದಿಂದಲೇ ಸಂದರ್ಶನದ ಬಾಗಿಲಿನತನಕವೂ ಬರಲಿಲ್ಲ. ಒಂದು ವಿಚಿತ್ರ ಹೇಳಲೇಬೇಕು. ಲಂಡನ್ನಿನ ಬೇರೆ ಹಲವು ವೈದ್ಯಕೀಯ ಶಾಲೆಗಳಿಗಿಂತ ಸೇಂಟ್ ಜಾರ್ಜ್‌ನಲ್ಲೇ ಬಿಳಿಯರಲ್ಲದ ವಿದ್ಯಾರ್ಥಿಗಳು ಹೆಚ್ಚಿದ್ದರು. ಮತ್ತೆ ಅವರೇ ಯಾಕೆ ಸಿಕ್ಕಿಬಿದ್ದರು? ಅವರ ಪೂರ್ವಗ್ರಹ ಬರಹದಲ್ಲಿತ್ತು. ಯಾವುದಕ್ಕೆ ಎಷ್ಟು ಅಂಕ ಅಂತ ಯಂತ್ರದೊಳಗೆ ಸಾಲು ಸಾಲಾಗಿ ಬರೆದಿತ್ತು, ತೆಗೆದು ಓದಬಹುದಿತ್ತು. ಉಳಿದ ಶಾಲೆಗಳಲ್ಲಿ ಅದು ತಲೆಗಳ ಒಳಗಿತ್ತು. ತಲೆ ಬಿಚ್ಚಿ ಓದುವುದು ಹೇಗೆ?

ಇದು ಬೇರೆ ದೇಶದ ಕಥೆ ಆಯಿತು. ನಮ್ಮ ಮನೆಯೊಳಗೆ ಬರೋಣ.

ನಮ್ಮ ಮೈಸೂರು ರಾಜ್ಯದಲ್ಲೇ 1963ರ ಜುಲೈನಲ್ಲಿ ಸರ್ಕಾರ ಒಂದು ಆದೇಶ ಮಾಡಿತು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸುವಾಗ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಇಡಬೇಕು. ಯಾವುದಕ್ಕೆ ಅಂಕ? ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಮೇಲೆ ಆಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಆ ಕಾಲದಲ್ಲಿ ಯಾವ ಕೇರಿಯ ಹುಡುಗ ಚರ್ಚಾಸ್ಪರ್ಧೆಗೆ ಹೋಗಿದ್ದ ಸ್ವಾಮಿ? ಗೌಡರ ಜಮೀನಿನಲ್ಲಿ ಕಳೆ ಕಿತ್ತದ್ದನ್ನು ಸಮಾಜಸೇವೆ ಅಂತ ಬರೆಯಬಹುದಿತ್ತಾ? ಚಿತ್ರಲೇಖಾ ಮೊಕದ್ದಮೆ ಅಂತ ಇದು ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನ ಪದ್ಧತಿ ತಪ್ಪಲ್ಲ ಅಂದಿತು.

ಮದರಾಸಿನಲ್ಲಿ ಮೆಡಿಕಲ್ ಸೀಟಿಗೆ 275 ಅಂಕದಲ್ಲಿ 75 ಸಂದರ್ಶನಕ್ಕೇ ಇತ್ತು. ಇದು ವಿಪರೀತ ಅನ್ನಿಸುತ್ತದೆ ಅಂತ ಪೆರಿಯಕರುಪ್ಪನ್ ಮೊಕದ್ದಮೆಯಲ್ಲಿ ಬರೆದವರು ನಮ್ಮ ಕರಾವಳಿಯವರೇ ಆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬರವಣಿಗೆಗೆ 100, ಮಾತಿಗೆ 50. ಎರಡು ಮೂರು ನಿಮಿಷದಲ್ಲಿ ಸಂದರ್ಶನ ಮುಗಿಯುತ್ತಿತ್ತು, ಕೇಳಿದ್ದೆಲ್ಲ ತಂದೆ ಯಾರು, ಮನೆ ಎಲ್ಲಿ ಅಂತಲೇ ಅಂತ ಹುಡುಗರು ಕೋರ್ಟಿನಲ್ಲಿ ಹೇಳಿದರು. 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಮೊಕದ್ದಮೆಯ ತೀರ್ಪು ಬಂತು: ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಇಡಬಾರದು, ಆಗುವುದಾದರೆ ಮಾತುಕತೆಯನ್ನು ಟೇಪ್ ಮಾಡಿ ಇಡಬೇಕು. ಟೇಪ್ ಮಾಡುವ ಮಾತು ನಮಗೆ ಬಹಳ ಇಷ್ಟವಾಯಿತು. ಎಷ್ಟು ಕಡೆ ಮಾಡಿದ್ದಾರೆ ಅಂತ ನಮ್ಮನ್ನು ಕೇಳಬೇಡಿ.

ಈಗ ಹಲ್ಲಿನ ಕಾಲೇಜಿಗೆ ನಮ್ಮಲ್ಲಿ ಸಂದರ್ಶನ ಇಲ್ಲ, ನೀಟ್ ಒಂದೇ. ಹಾಗಾದರೆ ನಂಬರು ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಾ? 2020-21ರಲ್ಲಿ ಮೊದಲ ವರ್ಷದ ಸುಮಾರು 7000 ಬಿಡಿಎಸ್ ಸೀಟುಗಳು ಖಾಲಿ ಉಳಿದವು. ಕನಿಷ್ಠ ಪರ್ಸೆಂಟೈಲ್ ಇಳಿಸಿ ಅಂತ ದಂತ ವೈದ್ಯ ಪರಿಷತ್ತೇ ಹೇಳಿತು. ಕೇಂದ್ರ ಸರ್ಕಾರ ಆಗಲ್ಲ ಅಂದಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹತ್ತು ಇಳಿಸಿತು. ಸಾಮಾನ್ಯ ವರ್ಗಕ್ಕೆ 50 ಇದ್ದದ್ದು 40, ನಮಗೆ 40 ಇದ್ದದ್ದು 30. 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟುಗಳಿಗೆ ಅದೇ ಕನಿಷ್ಠವನ್ನು ಎಲ್ಲ ವರ್ಗಕ್ಕೂ ಸೊನ್ನೆಗೇ ತಂದರು! ಸೀಟು ತುಂಬಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ನಾವು ಕೇಳುವುದು ಇಷ್ಟೇ: ನಮ್ಮ ಹುಡುಗಿ ಹತ್ತು ಅಂಕ ಕಡಿಮೆ ಇದ್ದು ಸೀಟು ಪಡೆದರೆ ರೋಗಿ ಸಾಯುತ್ತಾನೆ ಅಂತ ಬೊಬ್ಬೆ ಹಾಕಿದವರು, ಖಾಲಿ ಸೀಟಿಗಾಗಿ ಅಳತೆಗೋಲನ್ನೇ ಕತ್ತರಿಸಿದಾಗ ಎಲ್ಲಿದ್ದರು? 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗಲೂ ದಕ್ಷತೆ ಹಾಳಾಗುತ್ತದೆ ಅಂತಲೇ ಕೂಗಿದ್ದರು. ನೂರು ವರ್ಷ ಆಯಿತು, ರಾಗ ಬದಲಾಗಿಲ್ಲ.

ಇನ್ನು ಸಂದರ್ಶನ ನಮ್ಮನ್ನು ಬಿಟ್ಟು ಹೋಗಿದೆ ಅಂದುಕೊಳ್ಳಬೇಡಿ. 2016ರಿಂದ ಕೇಂದ್ರ ಸರ್ಕಾರ ಕೆಳ ದರ್ಜೆಯ ಹುದ್ದೆಗಳಿಗೆ ಅದನ್ನು ತೆಗೆದಿದೆ, ನಿಜ. ಮೇಲಿನ ಹುದ್ದೆಗಳಿಗೆ ಇದೆ, ಅಧ್ಯಾಪಕರಾಗಲು ಇದೆ, ಪಿಎಚ್‌ಡಿಗೆ ಇದೆ. ನಮ್ಮ ಬಳಗದ ಒಬ್ಬಳು ಒಂದು ಕಡೆ ಸಂಶೋಧನೆಗೆ ಸಂದರ್ಶನಕ್ಕೆ ಹೋಗಿದ್ದಳು. ಬರವಣಿಗೆಯಲ್ಲಿ ಮೊದಲ ಐವರಲ್ಲಿದ್ದಳು. ಒಳಗೆ ಕೇಳಿದ ಮೊದಲ ಪ್ರಶ್ನೆ, "ನಿಮ್ಮಪ್ಪ ಏನ್ಮಾಡ್ತಾರಮ್ಮ?" ಎರಡನೆಯದು, "ಇಂಗ್ಲಿಷಲ್ಲಿ ಹೇಳೋಕಾಗುತ್ತಾ?" ಹೊರಗೆ ಬಂದವಳು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅವಳಿಗೆ ಎಷ್ಟು ಅಂಕ ಹಾಕಿದರು, ಯಾವುದಕ್ಕೆ ಹಾಕಿದರು ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಆ ಪಿಯುಸಿ ಹುಡುಗನಿಗೆ ಈಗ ನಮ್ಮ ಉತ್ತರ. ತಮ್ಮಾ, ಬರೀ ನಂಬರೂ ನಿನ್ನನ್ನು ಪೂರ್ತಿ ನೋಡಲ್ಲ, ಬರೀ ಮಾತುಕತೆಯೂ ನೋಡಲ್ಲ. ಎರಡರ ಹಿಂದೆಯೂ ಯಾವುದಕ್ಕೆ ಎಷ್ಟು ಅಂತ ಬರೆದ ಒಂದು ಚೀಟಿ ಇರುತ್ತದೆ, ಅದನ್ನು ಬರೆದವನು ಮನುಷ್ಯನೇ. ಆ ಚೀಟಿಯಲ್ಲಿ ಬಿಟ್ಟಿ ಊಟಕ್ಕೂ ಅಂಕ ಇರಬಹುದು, ಹೆಸರಿಗೆ ಕಡಿತವೂ ಇರಬಹುದು. ಅದನ್ನು ಮೊದಲೇ ಬಾಗಿಲ ಮೇಲೆ ಅಂಟಿಸಿ ಅಂತ ಕೇಳುವುದು ನಮ್ಮ ಹಕ್ಕು. ನಿನ್ನ ಉತ್ತರಪತ್ರಿಕೆಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿದೆ. ಸಂದರ್ಶನ ಮಾಡಿದವರ ಹೆಸರು ಕೊಡಬೇಕಿಲ್ಲ ಅಂತ 2012ರಲ್ಲಿ ಅದೇ ಕೋರ್ಟು ಹೇಳಿದೆ. ಹೆಸರು ಬೇಡ, ಇಟ್ಟುಕೊಳ್ಳಲಿ. ಯಾವ ತಲೆಬರಹಕ್ಕೆ ಎಷ್ಟು ಅಂಕ ಹಾಕಿದಿರಿ ಅಂತ ಕೇಳೋಣ. ಮತ್ತೆ, ಎಲ್ಲಾದರೂ ಕೈಚಳಕದ ಪ್ರಶ್ನೆ ಬಂದರೆ ಚಪ್ಪಲಿ ಹೊಲಿಯುತ್ತೇನೆ ಅಂತಲೇ ಬರಿ.

ಸಂದರ್ಶನಕ್ಕೆ ಹೋಗಿ ಬಂದ ಗೆಳೆಯ ಗೆಳತಿಯರು ತಮಗೆ ಕೇಳಿದ ಪ್ರಶ್ನೆಗಳನ್ನು, ಕೂರಿಸಿದ ನಿಮಿಷಗಳನ್ನು ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ನಿಮ್ಮ ಹೆಸರು ಬೇಡ, ಅವರ ಹೆಸರೂ ಬೇಡ. ತಾರೀಖು, ಪ್ರಶ್ನೆ, ಎಷ್ಟು ನಿಮಿಷ, ಇಷ್ಟು ಸಾಕು. ಬಂದಷ್ಟನ್ನೂ ಅಚ್ಚು ಹಾಕುತ್ತೇವೆ.